ಮೂರು ಹೆಸರಿನ ಪಾಲಿಸಿ

ಗಂಡನ ಮೇಲೆ ಅನುಮಾನ ಪಡುವುದು ನನ್ನ ಹುಟ್ಟುಗುಣವಲ್ಲ. ಅವರೇ ಕಲಿಸಿದ್ದು. ಬೆಂಡೆಕಾಯಿ ತರುವುದಿದ್ದರೂ ನನ್ನನ್ನು ಕೇಳಿಯೇ ತರುತ್ತಿದ್ದ ಮನುಷ್ಯ ಒಂದು ದಿನ ಊಟಕ್ಕೆ ಕುಳಿತವರು, ತಾಟಿನ ಮೇಲಿನ ಕಣ್ಣು ಎತ್ತದೆ ಹೇಳಿದರು: "ಪದ್ಮಾ, ನೀ, ಅವ್ವ, ಪ್ರಮಿತಾ, ಮೂರೂ ಮಂದಿ ಹೆಸರು ಕಂಪನಿ ಕಾರ್ಡಿನಿಂದ ತಗಸ್ಲಿಕತ್ತೀನಿ. ಪ್ರೈವೇಟ್ ಪಾಲಿಸಿ ಮಾಡಸ್ತೀನಿ." ಹೇಳಿ ಮತ್ತೆ ಸಾರನ್ನ ಕಲಸಿಕೊಂಡರು.

"ನಿಮ್ಮದು?" ಅಂದೆ.

"ನಂದು ಇರ್ಲಿ ಬಿಡು."

ಅಲ್ಲಿಗೆ ನನ್ನ ಕಿವಿ ನೆಟ್ಟಗಾಯಿತು. ಇದು ಎರಡು ಸಾವಿರದ ಮೂರನೇ ಇಸವಿಯ ಮಾತು. ನಾವಿರುವುದು ಚಿತ್ತಾಪುರದಲ್ಲಿ. ಇವರು, ಅಂದರೆ ಪ್ರಾಣೇಶ, ಸಿಮೆಂಟ್ ಫ್ಯಾಕ್ಟರಿಯ ಪ್ಯಾಕಿಂಗ್ ವಿಭಾಗದಲ್ಲಿ ಬಾಬು. ಚೀಲ ತುಂಬುವ ಜಾಗದ ಪಕ್ಕದಲ್ಲೇ ಕುಳಿತು ಲಾರಿಗಳ ಲೆಕ್ಕ ಬರೆಯುವ ಕೆಲಸ. ಯಾವ ಫ್ಯಾಕ್ಟರಿ ಅಂತ ಕೇಳಬೇಡಿ, ಅನ್ನ ಕೊಟ್ಟ ಮನೆ. ನಮ್ಮ ಸೀಮೆಯಲ್ಲಿ ಅಂಥವು ನಾಲ್ಕಾರಿವೆ. ಕಂಪನಿ ಕಾರ್ಡ್ ಇದ್ದರೆ ಮನೆಮಂದಿಯ ಔಷಧ, ಆಸ್ಪತ್ರೆ, ಆಪರೇಷನ್ ಎಲ್ಲವೂ ಕಂಪನಿಯ ವಿಮೆಯಲ್ಲೇ ಆಗುತ್ತಿತ್ತು. ಅತ್ತೆ ಅನಸೂಯಾಬಾಯಿಯ ಶುಗರ್ ಗುಳಿಗೆ ಕೂಡ ಅದರಲ್ಲೇ ನಡೆಯುತ್ತಿತ್ತು. ಹೊಸ ಪಾಲಿಸಿಯಲ್ಲಾದರೋ, ಮೊದಲಿನಿಂದ ಇರುವ ರೋಗಕ್ಕೆ ಕೆಲವು ವರ್ಷ ಏನೂ ಕೊಡುವುದಿಲ್ಲವಂತೆ. ತಾಟಿನಲ್ಲಿರುವ ರೊಟ್ಟಿ ಬಿಟ್ಟು ಪಕ್ಕದ ಮನೆಯ ಹಂಚಿನ ಮೇಲಿನ ರೊಟ್ಟಿಗೆ ಕೈ ಚಾಚುವ ಹುಚ್ಚು ಯಾರಿಗಿರುತ್ತದೆ? ಏನೋ ಇದೆ ಅಂದುಕೊಂಡೆ.

ಹಾಗನ್ನಲು ಬೇರೆ ಕಾರಣಗಳೂ ಇದ್ದವು. ಮಳೆಗಾಲದಿಂದ ಇವರು ಪ್ರತಿ ಶನಿವಾರ ಶಹಾಬಾದಕ್ಕೆ ಹೋಗುತ್ತಿದ್ದರು. ಯಾಕೆ ಅಂದರೆ, "ಪರ್ಸಿ ನೋಡ್ಲಿಕ್ಕೆ." ಬಚ್ಚಲಿಗೆ ಹಾಸುಗಲ್ಲು ಬೇಕಿತ್ತು, ನಿಜ. ಆದರೆ ಶಹಾಬಾದದಲ್ಲಿ ಕಲ್ಲಿಗೇನು ಬರವೇ? ರಸ್ತೆಯ ಎರಡೂ ಬದಿ ಕೊಯ್ದು ನಿಲ್ಲಿಸಿರುತ್ತಾರೆ. ಹೆಣ್ಣು ನೋಡುವವರು ಕೂಡ ಇಷ್ಟು ಸಲ ಹೋಗುವುದಿಲ್ಲ! ಒಂದು ತುಂಡು ಪರ್ಸಿಯೂ ಮನೆಗೆ ಬರಲಿಲ್ಲ.

ಇನ್ನೊಂದು, ಮಡಿ. ನಾವು ವೈಷ್ಣವರು, ಅತ್ತೆಯ ಮಡಿ ಮನೆಯಲ್ಲಿ ಇದ್ದೇ ಇದೆ. ಸ್ನಾನ ಮಾಡಿ, ಯಾರೂ ಮುಟ್ಟದಂತೆ ಒಣಹಾಕಿದ ಸೀರೆ ಉಟ್ಟರೆಂದರೆ ಊಟವಾಗುವ ತನಕ ಅವರನ್ನು ಯಾರೂ ಮುಟ್ಟುವಂತಿಲ್ಲ. ಇವರದು ಹಾಗಲ್ಲ. ಕ್ಯಾಂಟೀನಿನ ಚಹಾ, ಬಸ್ ಸ್ಟ್ಯಾಂಡಿನ ಮಿರ್ಚಿ, ಯಾವುದನ್ನೂ ಬಿಟ್ಟವರಲ್ಲ. ದೇವರಿಗೆ ಗಡಿಬಿಡಿಯಲ್ಲಿ ಎರಡು ಹೂ ಏರಿಸಿ ಬಸ್ಸಿಗೆ ಓಡುವ ಪೈಕಿ. ಅಂಥವರು ಏಕಾಏಕಿ ಮಡಿ ಧೋತರ ಉಟ್ಟು, ದೇವರಮನೆಯ ಬಾಗಿಲು ಎಳೆದುಕೊಂಡು ಪೂಜೆಗೆ ಕೂಡತೊಡಗಿದರು. ಘಂಟೆ ಬಾರಿಸುವುದೇ ಬಾರಿಸುವುದು! ಓಣಿಯವರು ಹಣಿಕಿ ನೋಡುವಷ್ಟು. ಮಡಿಯ ನೆಪದಲ್ಲೇ ತಮ್ಮ ಹಾಸಿಗೆಯನ್ನೂ ಮಾಳಿಗೆಯ ಮೇಲೆ ಒಯ್ದರು.

ಅತ್ತೆಗೆ ಸ್ವರ್ಗ ಮೂರೇ ಗೇಣು. "ನನ್ನ ಮಗಗ ರಾಯರು ಬುದ್ಧಿ ಕೊಟ್ರು ನೋಡು. ಕಣ್ಣು ಮುಚ್ಚೂದ್ರಾಗ ಇದೊಂದು ನೋಡಬೇಕಿತ್ತು," ಎಂದು ಸೆರಗಿನಿಂದ ಕಣ್ಣೊರೆಸಿಕೊಳ್ಳುತ್ತಿದ್ದರು.

ನನಗೆ ಮಾತ್ರ ನಂಬಿಕೆ ಬರಲಿಲ್ಲ. ನಡುವಯಸ್ಸಿನಲ್ಲಿ ಗಂಡಸಿಗೆ ಹೀಗೆ ದೇವರು ನೆನಪಾದರೆ ಅದರ ಬೆನ್ನಿಗೆ ಒಂದು ಪಾಪ ಇದ್ದೇ ಇರುತ್ತದೆ. ಶಹಾಬಾದದ ಶನಿವಾರ, ಪ್ರಾಯಶ್ಚಿತ್ತದ ಪೂಜೆ, ಈಗ ಹೆಂಡತಿಯ ಹೆಸರು ತೆಗೆಸುವುದು. ಮೂರನ್ನೂ ಒಂದೇ ದಾರದಲ್ಲಿ ಪೋಣಿಸಿದೆ. ಕಾರ್ಡಿನಲ್ಲಿ ನನ್ನ ಜಾಗ ಖಾಲಿ ಮಾಡಿಸಿ ಅಲ್ಲಿ ಯಾರ ಹೆಸರು ಬರೆಸುವ ಹವಣಿಕೆ ಇದು?

ಸುಮ್ಮನೆ ಕೂಡುವ ಜೀವವಲ್ಲ ನನ್ನದು. ಅತ್ತೆಯ ಗುಳಿಗೆ ತರುವ ನೆಪ ಮಾಡಿಕೊಂಡು ಫ್ಯಾಕ್ಟರಿಯ ದವಾಖಾನೆಗೆ ಹೋದೆ. ಅಲ್ಲಿನ ನರ್ಸ್ ಹಮೀದಾಬೇಗಂ ನಮ್ಮ ಮಗಳು ಪ್ರಮಿತಾ ಕೂಸಿದ್ದಾಗ ಸೂಜಿ ಚುಚ್ಚಿದವಳು, ನಮ್ಮ ಮನೆಯವಳಿದ್ದಂತೆ.

"ಬೇಗಂ, ನಮ್ಮನಿಯವ್ರ ಕಾರ್ಡಿನ್ಯಾಗ ಹೊಸಾ ಹೆಸರು ಯಾವುದರ ಬಂದದೇನು?"

"ಯಾ ಅಲ್ಲಾ! ಯಾರ ಹೆಸರು ಬರ್ತದ ಬಾಯಿ?"

"ಖರೇ ಹೇಳು."

"ಖರೇನೇ ಹೇಳ್ಲಿಕತ್ತೀನಿ, ಯಾರದೂ ಬಂದಿಲ್ಲ." ಗುಳಿಗೆ ಕಟ್ಟುತ್ತಿದ್ದ ಅವಳ ಕೈ ನಿಧಾನವಾಯಿತು. "ಪ್ರಾಣೇಶ ಸಾಬ್ರು ಮನ್ಯಾಗ ಏನೂ ಹೇಳಿಲ್ಲೇನು?"

"ಏನು ಹೇಳಬೇಕಿತ್ತು?"

"ಏನಿಲ್ಲ ಬಿಡ್ರಿ. ಅವ್ರನ್ನೇ ಕೇಳ್ರಿ," ಅಂದವಳೇ ಸಾಲಿನಲ್ಲಿದ್ದ ಮುಂದಿನವರನ್ನು ಕರೆದಳು.

ಊರಿಗೆಲ್ಲ ಗೊತ್ತು, ಹೆಂಡತಿಗೊಬ್ಬಳಿಗೆ ಗೊತ್ತಿಲ್ಲ! ಬಸ್ಸಿನಲ್ಲಿ ಬರುವಾಗ ಅಳು ಬಂತು. ಅಳುವಿಗಿಂತ ಸಿಟ್ಟೇ ಜಾಸ್ತಿ ಬಂತು.

ಅವತ್ತು ಸಂಜೆ ನೇರ ಕೇಳಿಯೇಬಿಟ್ಟೆ. "ಶಹಾಬಾದದಾಗ ಯಾರದಾರ?"

"ಯಾರಿರ್ತಾರ? ಕಲ್ಲದಾವ."

"ಆ ಕಲ್ಲಿಗಿ ಸೀರಿ ಉಡಿಸ್ಯಾರೇನು?"

ನಗಲು ಹೋದರು, ನಗು ಬರಲಿಲ್ಲ. ಬಾಯಿಗೆ ಕೈ ಅಡ್ಡ ಹಿಡಿದು ಎದ್ದು ಹಿತ್ತಲಿಗೆ ನಡೆದುಬಿಟ್ಟರು. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿಕೊಂಡನಂತೆ! ಸ್ವಲ್ಪ ಹೊತ್ತಿಗೆ ಬಾವಿಕಟ್ಟೆಯ ಕಡೆಯಿಂದಲೇ ಹೇಳಿದರು: "ಪದ್ಮಾ, ತಿಂಗಳ ಕಡೀಗಿಂತ ಮೊದ್ಲ ಈ ಪಾಲಿಸಿ ಆಗಬೇಕು. ಅಷ್ಟು ಮಾಡು. ಆಮ್ಯಾಲ ಏನು ಬೇಕಾದ್ದು ಅನ್ನು."

"ನಿಮ್ಮ ಹೆಸರು ಅದ್ರಾಗ ಬರೂತನಾ ನಾ ರಕ್ತಾ ತಪಾಸಣಿಗಿ ಕೈ ಚಾಚಂಗಿಲ್ಲ," ಅಂದೆ. "ಮೂರು ಹೆಸರಿನ ಪಾಲಿಸಿ ನನಗ ಬ್ಯಾಡ. ಬಿಟ್ಟು ಹೋಗೂ ಗಂಡಸರು ಹಿಂಗೇ ಮಾಡ್ತಾರ, ಹೆಂಡ್ತಿ ಕೈಯಾಗ ಒಂದು ಕಾಗದಾ ಹಿಡಿಸಿ."



ಪಾಲಿಸಿಯ ಏಜೆಂಟ್ ಮುನಾಫ ಇವರ ಜೊತೆ ಶಾಲೆ ಕಲಿತವನು. ಅತ್ತೆಯನ್ನು ಅಲೆದಾಡಿಸುವುದು ಬೇಡವೆಂದು ವಿಮೆ ಕಂಪನಿಯ ಡಾಕ್ಟರನ್ನೇ ಒಂದು ರವಿವಾರ ಬೆಳಿಗ್ಗೆ ಮನೆಗೆ ಕರೆತಂದ. ಚಿಕ್ಕ ವಯಸ್ಸಿನ ಡಾಕ್ಟರು. ಎಲ್ಲರ ತೂಕ, ಬಿಪಿ ನೋಡಿ ರಕ್ತ ತೆಗೆದುಕೊಂಡು ಹೋಗುವುದು ಅವರ ಕೆಲಸ. ಅತ್ತೆ ಆಗಷ್ಟೇ ಮಡಿ ಉಟ್ಟಿದ್ದರು. "ಇರ್ಲಿ ಬರ್ರಿ, ಮತ್ತ ಜಳಕಾ ಮಾಡಿದ್ರ ಆತು. ಪಾಪ, ಹುಡುಗ ದೂರಿಂದ ಬಂದಾನ," ಎಂದು ತಾವೇ ಪಡಸಾಲೆಗೆ ಬಂದು ತೋಳು ಚಾಚಿದರು. ಪ್ರಮಿತಾಳದೂ ಮುಗಿಯಿತು.

"ಈಗ ವೈನೀದು," ಎಂದ ಮುನಾಫ.

"ಮೊದ್ಲ ನಿಮ್ಮ ದೋಸ್ತಂದು ಆಗ್ಲಿ."

"ನಾನೂ ಅದೇ ಅಂದೀನ್ರಿ ವೈನಿ, ಅವ ಕೇಳವಲ್ಲ. ಡಾಕ್ಟರ್ ಹೆಂಗೂ ಬಂದಾರ, ಎದಿ ಒಂದು ನೋಡಿದ್ರ ಮುಗೀತು. ಏ ಪ್ರಾಣೇಶ, ಬಾರಪ್ಪಾ ಹೊರಗ!"

ದೇವರಮನೆಯಿಂದ ಇವರ ದನಿ ಬಂತು. "ನಾ ಮಡೀಲಿದ್ದೀನಿ! ನನ್ನ ಮುಟ್ಟಬ್ಯಾಡ್ರಿ!" ಅದರ ಹಿಂದೆಯೇ ಘಂಟೆ ಶುರುವಾಯಿತು.

ಜನ್ಮವಿಡೀ ಮಡಿ ಮಾಡಿದ ಅತ್ತೆಯೇ ಮಡಿ ಬಿಟ್ಟು ಕುಳಿತಿದ್ದಾರೆ, ಮಿರ್ಚಿ ತಿನ್ನುವ ಇವರದೇನು ಮಹಾ ಮಡಿ? ನನ್ನ ತಲೆ ಕೆಟ್ಟೇಹೋಯಿತು. ದಡದಡ ಹೋಗಿ ಬಾಗಿಲು ನೂಕಿದೆ.

ಅವರು ದೇವರ ಕಡೆ ಮುಖ ಮಾಡಿರಲಿಲ್ಲ. ಗೋಡೆಗೆ ಹಣೆ ಹಚ್ಚಿ, ಉತ್ತರೀಯವನ್ನು ಬಾಯಿಗೆ ತುರುಕಿಕೊಂಡು ಕೆಮ್ಮುತ್ತಿದ್ದರು. ಮೈ ಮುರಿದು ಬೀಳುವಂಥ ಕೆಮ್ಮು. ಬಲಗೈ ಮಾತ್ರ ಪಕ್ಕಕ್ಕೆ ಚಾಚಿಕೊಂಡು ಘಂಟೆ ಅಲ್ಲಾಡಿಸುತ್ತಲೇ ಇತ್ತು. ನನ್ನನ್ನು ಕಂಡು ಕಣ್ಣಲ್ಲೇ ಬಾಗಿಲು ಹಾಕು ಅಂದರು. ಹಾಕಿದೆ.

"ಮುಟ್ಟಬ್ಯಾಡ ಪದ್ಮಾ, ಮಡಿ..."

"ಸುಡ್ಲಿ ನಿಮ್ಮ ಮಡಿ!" ಅಂದವಳೇ ಅವರ ಎದೆಗೆ ಕಿವಿ ಹಚ್ಚಿದೆ. ಒಳಗೆ ಜರಡಿಯಲ್ಲಿ ನುಚ್ಚು ಆಡಿಸಿದ ಹಾಗೆ ಸದ್ದು. ಉಸಿರು ಎಳೆದಾಗಲೂ ಅದೇ, ಬಿಟ್ಟಾಗಲೂ ಅದೇ. ಹಾಸಿಗೆ ಯಾಕೆ ಮಾಳಿಗೆ ಏರಿತು ಅಂತ ಆಗ ತಿಳಿಯಿತು.

ಕೆಮ್ಮು ಇಳಿದ ಮೇಲೆ ಪಿಸುಮಾತಿನಲ್ಲಿ ಎಲ್ಲ ಹೇಳಿದರು. ಶಹಾಬಾದದಲ್ಲಿ ಇದ್ದದ್ದು ಎದೆರೋಗದ ಡಾಕ್ಟರು. "ಎದಿ ಫೋಟೋ ತಗದಾರ. ಒಳಗ ಧೂಳು ಕುಂತದಂತ, ಕುಂತಿದ್ದು ಇಳಿಯಂಗಿಲ್ಲಂತ. ಫ್ಯಾಕ್ಟರಿ ಡಾಕ್ಟರೂ ನೋಡಿ ಕೆಲಸಕ್ಕ ಆಗಂಗಿಲ್ಲ ಅಂದ್ರು. ಈ ತಿಂಗಳ ಕಡೀಕ ನೌಕರಿ ಮುಗೀತು, ಪದ್ಮಾ. ನೌಕರಿ ಜೋಡಿ ಕಾರ್ಡೂ ಹೋಗ್ತದ."

"ನಿಮ್ಮದು?" ಅಂದೆ. ಅವತ್ತು ಊಟಕ್ಕೆ ಕುಳಿತಾಗ ಕೇಳಿದ ಪ್ರಶ್ನೆಯೇ.

"ಇಂಥಾ ಎದಿ ಯಾವ ಪಾಲಿಸಿಯವ್ರು ತೊಗೋತಾರ? ನಿಮ್ಮನ್ನರ ದಡಾ ಮುಟ್ಟಿಸೋಣ ಅಂದ್ಕೊಂಡೆ. ಅವ್ವಗ ಹೇಳಬ್ಯಾಡ. ಮಗ ಪೂಜಾ ಮಾಡ್ತಾನಂತ ಭಾಳ ಖುಷಿಲಿದ್ದಾಳ."

ಶಹಾಬಾದದಲ್ಲಿ ಒಬ್ಬ ಹೆಂಗಸು ಇದ್ದಿದ್ದರೆ ಎಷ್ಟು ಚೆನ್ನಾಗಿತ್ತು ಅನ್ನಿಸಿತು ನನಗೆ. ಬಸ್ಸು ಹತ್ತಿ ಹೋಗಿ, ಅವಳ ಜುಟ್ಟು ಹಿಡಿದು ಜಗಳವಾಡಿ, ಗಂಡನನ್ನು ಎಳೆದುಕೊಂಡು ಬರುತ್ತಿದ್ದೆ. ಧೂಳಿನ ಜೊತೆ ಏನಂತ ಜಗಳವಾಡಲಿ?

"ಹೋಗು, ರಕ್ತಾ ಕೊಡು. ಡಾಕ್ಟರ್ ಎದ್ದು ಹೋದಾರು," ಅಂದರು. ಅವರು ನನ್ನೆದುರು ಕೈ ಮುಗಿದದ್ದು ಅದೇ ಮೊದಲು. ನನಗೆ ನೋಡಲಾಗಲಿಲ್ಲ.

ಸೆರಗಿನಿಂದ ಮುಖ ಒರೆಸಿಕೊಂಡು ಹೊರಗೆ ಬಂದು ಕುಳಿತು ತೋಳು ಚಾಚಿದೆ.

"ಯಜಮಾನ್ರು ಬರ್ತಾರೇನ್ರಿ?" ಎಂದರು ಡಾಕ್ಟರು.

"ಇಲ್ರಿ, ಅವ್ರು ಮಡೀಲಿದ್ದಾರ. ಮುಟ್ಟಂಗಿಲ್ಲ. ನಂದು ತೊಗೋರಿ."

ಮುನಾಫ ನನ್ನ ಕಣ್ಣು ನೋಡಿ, ಕಾಗದದ ಮೇಲೆ ನನ್ನ ಹೆಸರು ಬರೆದುಕೊಂಡ. ಅತ್ತೆಯ ಮುಖ ಅರಳಿತು. "ಅಂತೂ ನನ್ನ ಸೊಸೀಗೂ ಮಡಿ ಅಂದ್ರ ಏನಂತ ತಿಳೀತು," ಅಂದರು.

ಸೂಜಿ ತೋಳಿನಲ್ಲಿರುವಾಗಲೇ ಒಳಗೆ ಮತ್ತೆ ಘಂಟೆ ಶುರುವಾಯಿತು. ನಾಲ್ಕು ಸಲ ಬಡಿದು ನಿಂತಿತು. ಮತ್ತೆ ಬಡಿಯಿತು, ಮತ್ತೆ ನಿಂತಿತು. ಅತ್ತೆ ಕಿವಿಗೊಟ್ಟು ಆ ಕಡೆ ತಿರುಗಿದರು. ನಾನು ಸೂಜಿ ತೆಗೆದ ಜಾಗಕ್ಕೆ ಹತ್ತಿ ಒತ್ತಿ, ತೋಳು ಮಡಚಿಕೊಂಡೇ ಎದ್ದು ಹೋಗಿ ದೇವರಮನೆಯ ಬಾಗಿಲು ಹಾಕಿಕೊಂಡೆ. ಅವರ ಕೈಯಿಂದ ಘಂಟೆ ಕಿತ್ತುಕೊಂಡೆ.

"ನೀವು ಕೆಮ್ಮ್ರಿ," ಅಂದೆ. "ಘಂಟಿ ನಾ ಬಾರಸ್ತೀನಿ."

ಹೊರಗೆ ಅತ್ತೆ "ಗೋವಿಂದಾ, ಗೋವಿಂದಾ" ಅನ್ನುವುದು ಕೇಳಿಸಿತು. ನಾನು ಇನ್ನೂ ಜೋರಾಗಿ ಬಾರಿಸಿದೆ.