ಅತ್ತೆಯ ಸಿಳ್ಳೆ ಕೇಳಿಸಲಿಲ್ಲ

ಸಂಜೆ ಶಾಲೆಯಲ್ಲಿ ಕಲಿತ ನಾಲ್ಕಕ್ಷರವನ್ನು ನಂಬಿ ಹೃದಯದ ವಿಷಯ ಹೇಳಲು ಹೊರಟಿದ್ದೇನೆ. ತಿಳಿದವರು ಮನ್ನಿಸಬೇಕು.

ನಾವು ಜೆಜು ದ್ವೀಪದ ಹೆಂಗಸರು, ಉಸಿರು ಕಟ್ಟಿ ಮುಳುಗಿ ಕಡಲತಳದ ಚಿಪ್ಪು ತರುವವರು. ತಣ್ಣೀರು ಮುಖಕ್ಕೆ ತಾಗಿದರೆ ಮಿದುಳಿನಿಂದ ಎದೆಗಿಳಿಯುವ ನರವೊಂದು ಹೃದಯದ ಲಗಾಮು ಎಳೆಯುತ್ತದಂತೆ; ಬಡಿತ ನಿಧಾನವಾಗುತ್ತದಂತೆ. ಸೀಲ್ ಪ್ರಾಣಿಗೂ ಹಾಗೆಯೇ ಎಂದಿದ್ದರು ಮೇಷ್ಟ್ರು.

ಅಂದು ದಡದ ಬೆಂಕಿಯ ಸುತ್ತ ಕೂತು, ನೀರಿಗಿಳಿಯುವ ಮುಂಚೆ ಎಲ್ಲರೂ ಎಂದಿನಂತೆ, ಮುಳುಗಿದಾಗ ಬರುವ ತಲೆನೋವಿಗೆ ಪುಡಿ ನುಂಗುತ್ತಿದ್ದೆವು. ದೋಕ್‌ಸಿಮ್ ಎಂಬ ಹೆಸರಿನ ನನ್ನ ಅತ್ತೆ ಬಾಯಿಗೆ ಹಾಕಿಕೊಂಡದ್ದು ಪುಡಿಯಲ್ಲ, ಮಾತ್ರೆ.

"ಅದೇನತ್ತೆ?"

"ಎದೆ ಡವಡವ ಅನ್ನುತ್ತೆ ಅಂತ ಡಾಕ್ಟ್ರು ಕೊಟ್ಟಿದ್ದು. ನೀರಿಗಿಳಿಯೋ ದಿನ ಇನ್ನೊಂದು ಜಾಸ್ತಿ ಇರ್ಲಿ ಅಂತ."

"ಬೆಳಿಗ್ಗೆ ಮನೇಲೂ ತಗೊಂಡ್ರಲ್ಲ! ಅದು ಬಡಿತ ನಿಧಾನ ಮಾಡೋ ಮಾತ್ರೆ ಅತ್ತೆ. ತಣ್ಣೀರೂ ನಿಧಾನ ಮಾಡುತ್ತೆ. ಎರಡೂ ಸೇರಿದ್ರೆ..."

"ಬಂದ್ಲಪ್ಪಾ ಸಂಜೆ ಶಾಲೆ ಡಾಕ್ಟ್ರಮ್ಮ!" ಎಂದಳು ಪಕ್ಕದ ಸುನ್‌ಬೋಕ್. "ನಿಮ್ಮತ್ತೆ ಮುಳುಗೋಕೆ ಕಲಿತಾಗ ನಿಮ್ಮಪ್ಪನಿಗೆ ಮದುವೇನೇ ಆಗಿರ್ಲಿಲ್ಲ ಕಣೇ."

ಎಲ್ಲರೂ ನಕ್ಕರು. ನಾನು ತಿಳಿದದ್ದೇ ತಪ್ಪಿದ್ದರೆ? ಅತ್ತೆ, ನೀರ ಮೇಲೆ ಬಂದಾಗ ಆತುಕೊಳ್ಳುವ ತನ್ನ ತೇಲುಗುಂಡು ಹಿಡಿದು ನಡೆದಳು.

ಮೇಲೆ ಬಂದವರು ಬಿಡುವ ಉಸಿರು ಸಿಳ್ಳೆಯಂತೆ ಕೇಳುತ್ತದೆ. ಅತ್ತೆಯದು ಕೊನೆಗೆ ಮುರಿಯುವ ಸಣ್ಣ ಸಿಳ್ಳೆ. ನಾನು ಮುಳುಗದೆ ಅವಳ ತೇಲುಗುಂಡಿನ ಪಕ್ಕದಲ್ಲೇ ಉಳಿದೆ. ಮೊದಲ ಸಿಳ್ಳೆ ಬಂತು. ಎರಡನೆಯದು ತಡವಾಗಿ ಬಂತು. ಆಮೇಲೆ ಸುನ್‌ಬೋಕಳದು ಕೇಳಿಸಿತು, ಉಳಿದವರದೂ ಕೇಳಿಸಿತು. ಅತ್ತೆಯ ತೇಲುಗುಂಡು ಮಾತ್ರ ಸುಮ್ಮನೆ ಅಲುಗುತ್ತಿತ್ತು.

ನಾನು ಮುಳುಗಿದೆ. ಬಂಡೆಯ ಬುಡದಲ್ಲಿ ಪಾಚಿಯ ನಡುವೆ ಅತ್ತೆ ತೂಕಡಿಸುವವಳಂತೆ ಇದ್ದಳು, ಕೈಯಲ್ಲಿ ಚಿಪ್ಪು ಬಿಡಿಸುವ ಕಬ್ಬಿಣ. ಮುಳುಗಲು ಭಾರಕ್ಕೆಂದು ಅವಳು ಸೊಂಟಕ್ಕೆ ಕಟ್ಟಿದ್ದ ಸೀಸದ ಪಟ್ಟಿ ಬಿಚ್ಚಿ ಎಳೆದುಕೊಂಡು ಮೇಲೆ ಬಂದು ಕಿರುಚಿದೆ.

ದಡದಲ್ಲಿ ಅವಳ ಕುತ್ತಿಗೆಗೆ ಬೆರಳಿಟ್ಟೆ. ಒಂದು ಬಡಿತ. ಮತ್ತೆ ಏನೂ ಇಲ್ಲ.

"ಹೊಡ್ಕೊತಿದ್ಯೇನೇ? ಹೇಳೇ!" ಸುನ್‌ಬೋಕಳ ದನಿಯಲ್ಲಿ ಗೇಲಿಯಿರಲಿಲ್ಲ.

ಬೆರಳು ತೆಗೆಯಲು ಹೆದರಿಕೆಯಾಯಿತು. ಆಮೇಲೆ, ಎಷ್ಟೋ ಹೊತ್ತಾದಂತೆನಿಸಿದ ಮೇಲೆ, ಇನ್ನೊಂದು ಬಂತು.

ಆಸ್ಪತ್ರೆಯಿಂದ ಬಂದ ಅತ್ತೆ ಈಗ ಗಂಜಿ ಕುಡಿಯುತ್ತಾ, "ನನ್ನ ತೇಲುಗುಂಡು ಎಲ್ಲಿಟ್ಟೆ ಸೊಸೆ?" ಎಂದು ಕೇಳುತ್ತಾಳೆ. ಬಚ್ಚಿಟ್ಟಿದ್ದೇನೆ. ಅಂದು ಅವಳನ್ನು ಮೇಲೆ ಬರದಂತೆ ತಡೆದದ್ದು ಆ ಇನ್ನೊಂದು ಮಾತ್ರೆಯೋ, ತಣ್ಣೀರೋ, ಬರೀ ವಯಸ್ಸೋ, ಡಾಕ್ಟರೂ ಖಚಿತವಾಗಿ ಹೇಳಲಿಲ್ಲ. ನನಗೂ ಗೊತ್ತಿಲ್ಲ.