ಬಣ್ಣದ ತುದಿ ಕೊನೆಗೆ

"ಅಣ್ಣಾರ, ಈ ರಾಡಿನ ಬಣ್ಣ ಎಲ್ಲಿ ಹೋತ್ರಿ?"

ಹೈದರಾಬಾದಿನ ಒಂದು ದೊಡ್ಡ ಕಾರ್ಖಾನೆಯ ಸ್ಟೋರಿನಲ್ಲಿ ದಿನಕ್ಕೆ ನಾಲ್ಕು ಸಲವಾದರೂ ಈ ಪ್ರಶ್ನೆ ಕೇಳಿಬರುತ್ತಿತ್ತು. ಕೇಳುತ್ತಿದ್ದವರು ಸ್ಟೋರಿನ ಗುಮಾಸ್ತೆ ಪ್ರೇಮಾ. ಕೇಳಿಸಿದರೂ ಕೇಳಿಸದವರಂತೆ ಇರುತ್ತಿದ್ದವರು ಗರಗಸದ ಮಷೀನು ನಡೆಸುವ ವೀರಭದ್ರಪ್ಪ. ಎಪ್ಪತ್ತೊಂಬತ್ತನೇ ಇಸವಿಯ ಮಾತು ಇದು.

ಆ ಸ್ಟೋರಿಗೆ ಬರುವ ಉಕ್ಕಿನ ರಾಡುಗಳ ಒಂದು ತುದಿಗೆ ಬಣ್ಣ ಬಳಿದಿರುತ್ತಿತ್ತು. ಹಸಿರು ಇದ್ದರೆ ಮೆದು ಉಕ್ಕು, ಕೆಂಪು ಇದ್ದರೆ ಗಡಸು ಉಕ್ಕು. ಬಣ್ಣ ಹೋದರೆ ಎರಡೂ ನೋಡಲು ಒಂದೇ, ತೂಕವೂ ಒಂದೇ. ಅದಕ್ಕೇ ಬಣ್ಣವಿಲ್ಲದ ತುದಿಯಿಂದ ಕೊಯ್ಯುತ್ತ ಬರಬೇಕು, ಬಣ್ಣದ ತುದಿ ಕೊನೆಯ ತುಂಡಿನಲ್ಲಿ ಉಳಿಯಬೇಕು ಎಂಬ ನಿಯಮವಿತ್ತು. ಆದರೆ ರಾಡುಗಳನ್ನು ಬಣ್ಣದ ತುದಿಯೇ ಗರಗಸದ ಕಡೆ ಬರುವಂತೆ ಪೇರಿಸುವುದು ಅಲ್ಲಿ ರೂಢಿಯಾಗಿಬಿಟ್ಟಿತ್ತು. ವೀರಭದ್ರಪ್ಪ ಕೈಗೆ ಹತ್ತಿರ ಸಿಕ್ಕ ತುದಿಯನ್ನೇ ಮೊದಲು ಕೊಯ್ಯುತ್ತಿದ್ದರು.

"ಹನ್ನೆರಡು ಅಡಿ ರಾಡು ತಿರುಗಿಸಾಕ ಇಬ್ರು ಬೇಕ್ರಿ ಪ್ರೇಮಕ್ಕ. ಬಣ್ಣ ಯಾತಕ್ಕ? ಗರಗಸದ ಸಪ್ಪಳ ಕೇಳಿದ್ರ ಸಾಕು, ಮೆದು ಯಾವುದು ಗಡಸು ಯಾವುದು ಹೇಳ್ತೀನಿ. ಇಪ್ಪತ್ತೆರಡು ವರ್ಷ ಆತು, ಒಮ್ಮೆ ತಪ್ಪಿಲ್ಲ."

"ನಿಮಗ ತಿಳೀತೈತ್ರಿ, ಖರೆ. ನೀವು ರಜಾ ಇದ್ದ ದಿನ?"

"ನಾ ಎಲ್ಲಿ ರಜಾ ಹಾಕ್ತೀನ್ರಿ!"

ಬಡಾಯಿಯಲ್ಲ, ಅವರ ಕಿವಿ ನಿಜಕ್ಕೂ ಅಂಥದ್ದು. ಪ್ರೇಮಾ ಹಟ ಹಿಡಿದು ಗೆದ್ದದ್ದು ಒಂದೇ ವಿಷಯದಲ್ಲಿ. ಯಾರು ಏನು ತೆಗೆದುಕೊಂಡರೂ, ಯಾವ ಕೆಲಸಕ್ಕೆ, ಕಾರ್ಖಾನೆಯ ಯಾವ ವಿಭಾಗಕ್ಕೆ, ಅಂದರೆ ಯಾವ ಶಾಪಿಗೆ ಎಂದು ಚೀಟಿ ಬರೆದಿಡಲೇಬೇಕು. ಜನ ಬೆನ್ನ ಹಿಂದೆ ಆಕೆಯನ್ನು ಚೀಟಿ ಪ್ರೇಮಕ್ಕ ಎನ್ನುತ್ತಿದ್ದರು. ಆಕೆಗೆ ಅದು ಗೊತ್ತಿತ್ತು, ತಲೆ ಕೆಡಿಸಿಕೊಂಡಿರಲಿಲ್ಲ.

ರಜೆ ಹಾಕದ ವೀರಭದ್ರಪ್ಪನವರಿಗೂ ರಜೆ ಹಾಕುವ ದಿನ ಬಂತು. ಹೆಂಡತಿ ಗುರುಬಾಯಿಯ ತಾಯಿ ಶನಿವಾರ ಊರಿನಿಂದ ಕಾಚಿಗೂಡ ಸ್ಟೇಷನ್ನಿಗೆ ಬಂದಿಳಿಯುವವರಿದ್ದರು. ಗುರುಬಾಯಿಯ ಒಬ್ಬನೇ ತಮ್ಮ ಶಿವಶರಣಪ್ಪನಿಗೆ ಮದುವೆ ಗೊತ್ತಾಗಿತ್ತು. ಎಲ್ಲರ ಬಾಯಲ್ಲಿ ಶರಣು ಆಗಿದ್ದ ಅವನು ಏಳು ವರ್ಷದಿಂದ ದಿಲ್‌ಸುಖ್‌ನಗರದ ಅಕ್ಕನ ಮನೆಯಲ್ಲೇ ಇದ್ದ. ಅದೇ ಕಾರ್ಖಾನೆಯಲ್ಲಿ ಯಂತ್ರ ಜೋಡಿಸುವ ಶಾಪಿನಲ್ಲಿ ಅವನ ಕೆಲಸ. ಮಕ್ಕಳಿಲ್ಲದ ವೀರಭದ್ರಪ್ಪನವರಿಗೆ ಅವನೇ ಮಗ.

ಶುಕ್ರವಾರ ಸಂಜೆ ಕಾರ್ಖಾನೆಯ ಬಸ್ಸು ಹಾರ್ನ್ ಹೊಡೆಯುತ್ತಿತ್ತು. ಎರಡು ರಾಡುಗಳ ಉಳಿದ ತುಂಡುಗಳನ್ನು ಅವಸರದಲ್ಲಿ ಅಕ್ಕಪಕ್ಕ ಇಟ್ಟು ಅವರು ಓಡಿದರು. ಎರಡರಲ್ಲೂ ಬಣ್ಣವಿರಲಿಲ್ಲ. ಎಡಕ್ಕಿದ್ದದ್ದು ಮೆದು, ಬಲಕ್ಕಿದ್ದದ್ದು ಗಡಸು ಎಂಬುದು ಅವರ ತಲೆಯಲ್ಲಿತ್ತು, ಬೇರೆಲ್ಲೂ ಇರಲಿಲ್ಲ.

ಸೋಮವಾರ ಬಂದು ನೋಡಿದರೆ ಒಂದೇ ತುಂಡು. ಕಸ ಗುಡಿಸಿದವರು ಅದನ್ನು ಗೋಡೆಗೆ ಒರಗಿಸಿದ್ದರು.

ಪ್ರೇಮಾ ಚೀಟಿ ತೆಗೆದು ಓದಿದರು. "ಶನಿವಾರ ಲೇತ್ ಮಷೀನಿನ ಸೋಮಣ್ಣ ಒಯ್ದಾರ. ಜೋಡಣೆ ಶಾಪಿನ ಎರಡನೇ ಕ್ರೇನು, ಕೊಂಡಿಯ ಪಿನ್ನು ಮಾಡಾಕ. ಗಡಸು ಉಕ್ಕು ಅಂತ ಬರ್ದಾರ. ಖರೇನ ಗಡಸು ಒಯ್ದಾರೇನ್ರಿ?"

"ಅದೇನ್ ದೊಡ್ಡ ಮಾತು. ಉಳಿದದ್ದು ಕೊಯ್ದ್ರ ತಿಳೀತೈತಿ. ಇದು ಮೆದು ಇದ್ರ, ಅದು ಗಡಸು."

ವೀರಭದ್ರಪ್ಪ ನಗುತ್ತಲೇ ತುಂಡನ್ನು ಮಷೀನಿಗೆ ಬಿಗಿದು ಗರಗಸ ಇಳಿಸಿದರು. ಗರಗಸ ಕಿರ್ರೆಂದು ಚೀರಿತು. ಇಪ್ಪತ್ತೆರಡು ವರ್ಷ ನಂಬಿದ ಕಿವಿ ಅದು, ಅವತ್ತೂ ಸುಳ್ಳು ಹೇಳಲಿಲ್ಲ. ಅವರ ಮುಖದ ಬಣ್ಣ ಇಳಿಯಿತು.

"ಪ್ರೇಮಕ್ಕ, ಇದು ಗಡಸು. ಕ್ರೇನಿಗೆ ಹೋದದ್ದು ಮೆದು, ಭಾರ ಬಿದ್ರ ಬಾಗ್ತೈತಿ. ಅಯ್ಯೋ, ನಮ್ಮ ಶರಣು ಅದರ ಕೆಳಗ ಅದಾನ್ರೀ!"

ಐವತ್ತು ದಾಟಿದ ಮನುಷ್ಯ ಕಾರ್ಖಾನೆಯ ಅಂಗಳದಲ್ಲಿ ಹಾಗೆ ಓಡಿದ್ದನ್ನು ಯಾರೂ ನೋಡಿರಲಿಲ್ಲ. ಎಲ್ಲಿಗೆ ಓಡಬೇಕೆಂದು ಹೇಳಿದ್ದು ಆ ಚೀಟಿ. ಶಾಪಿನ ಬಾಗಿಲಲ್ಲಿ ನಿಂತಾಗ ಎರಡನೇ ಕ್ರೇನು ದೊಡ್ಡ ಯಂತ್ರವೊಂದನ್ನು ಎತ್ತಿ ಹಿಡಿದಿತ್ತು. ಅದರಡಿ ಬಗ್ಗಿ ಶರಣು ಬೋಲ್ಟಿನ ತೂತು ಸರಿನೋಡುತ್ತಿದ್ದ.

"ಶರಣೂ, ಹೊರಗ ಬಾ! ನಿಲ್ಸ್ರಿ! ಆಪಂಡಿ! ರೋಕೋ!"

ಬಾಯಿಗೆ ಬಂದ ಭಾಷೆಯಲ್ಲೆಲ್ಲ ಕೂಗಿದರು. ಶರಣು ಗಾಬರಿಯಾಗಿ ಈಚೆ ಹಾರಿದ. ಕ್ರೇನಿನವನು ಭಾರವನ್ನು ಮೆಲ್ಲಗೆ ಮರದ ದಿಮ್ಮಿಗಳ ಮೇಲೆ ಇಳಿಸಿದ. ಬೆಳಿಗ್ಗೆಯಷ್ಟೇ ಹಾಕಿದ ಹೊಸ ಪಿನ್ನನ್ನು ಬಿಚ್ಚಿ ನೋಡಿದರೆ, ಕುಡುಗೋಲಿನ ಹಾಗೆ ಬಾಗಿತ್ತು.

"ಯಾಕ ಮಾಮಾ, ಏನಾತು?" ಎಂದ ಶರಣುವಿನ ಭುಜ ಹಿಡಿದುಕೊಂಡು ವೀರಭದ್ರಪ್ಪ ಅಲ್ಲೇ ಕುಸಿದು ಅತ್ತರು.

ಸಂಜೆ ಮನೆಯಲ್ಲಿ ಅವರು ಏನನ್ನೂ ಮುಚ್ಚಿಡಲಿಲ್ಲ. ಎಲ್ಲ ಕೇಳಿದ ಗುರುಬಾಯಿ ರೊಟ್ಟಿ ಬಡಿಯುವುದನ್ನು ನಿಲ್ಲಿಸಿದರು.

"ಎಡಕ್ಕಿದ್ದದ್ದು ಮೆದು ಅಂತ ನನಗ ಗೊತ್ತಿತ್ತು ಗುರುಬಾಯಿ."

"ನಿಮ್ಮ ತಲ್ಯಾಗ ಇದ್ದದ್ದು ಸೋಮಣ್ಣಗ ಹೆಂಗ ಕಾಣಬೇಕ್ರಿ?"

ವೀರಭದ್ರಪ್ಪ ಊಟ ಬಿಟ್ಟು ಏಳಹೊರಟರು. ಅತ್ತೆಯೇ ತಟ್ಟೆ ಮುಂದೆ ಸರಿಸಿದರು. "ತಪ್ಪು ಒಪ್ಕೊಂಡೀಯಪ್ಪ, ದೇವರು ನನ್ನ ಮಗನ್ನ ಉಳಿಸಿದ. ಈಗ ಉಣ್ಣು. ನಾಳೆ ಏನ್ ಮಾಡ್ತೀ, ಅದನ್ನ ಹೇಳು."

"ನಾಳೆ ಎಲ್ಲಾ ರಾಡು ತಿರುಗಿಸ್ತೀನ್ರಿ ಅತ್ತಿ."

"ಅದಕ್ಕ ಇಬ್ರು ಬೇಕಲ್ಲ ಮಾಮಾ. ನಾ ಬರ್ತೀನಿ" ಎಂದ ಶರಣು.

ಮರುದಿನ ಊಟದ ಬಿಡುವಿನೊಳಗೆ ಭಾವ, ಮೈದುನ ಇಬ್ಬರೂ ಸೇರಿ ಬಣ್ಣವಿಲ್ಲದ ತುದಿ ಗರಗಸದ ಕಡೆ ಬರುವಂತೆ ಅಷ್ಟೂ ರಾಡು ತಿರುಗಿಸಿದರು. ಮಷೀನಿನ ಪಕ್ಕ ಎರಡು ಬಣ್ಣದ ಡಬ್ಬಿ, ಎರಡು ಕುಂಚ ಬಂದವು. ಬಾಗಿದ ಪಿನ್ನನ್ನು ವೀರಭದ್ರಪ್ಪ ತಾವೇ ಗೋಡೆಗೆ ತೂಗುಹಾಕಿದರು. ಹದಿನೈದು ದಿನದ ಮೇಲೆ ವೀರಭದ್ರಪ್ಪ ಪ್ರೇಮಾರ ಕೈಗೆ ಶರಣುವಿನ ಮದುವೆಯ ಕರೆಯೋಲೆ ಕೊಟ್ಟರು. ಲಕೋಟೆಯ ಒಂದು ತುದಿಗೆ ಅರಿಶಿನ ಹಚ್ಚಿತ್ತು. ಪ್ರೇಮಾ ನಗುತ್ತ ಇನ್ನೊಂದು ತುದಿಯಿಂದ ಒಡೆದರು.

ಅಣ್ಣಂದಿರೇ, ಅಕ್ಕಂದಿರೇ, ನಿಮ್ಮ ಶಾಪಿನಲ್ಲೂ ಗೋಡೆಗೆ ಒರಗಿದ ಗುರುತಿಲ್ಲದ ತುಂಡು ಒಂದಾದರೂ ಇರುತ್ತದೆ. ಅದು ಯಾವುದೆಂದು ನಿಮಗೆ ಗೊತ್ತಿದ್ದರೆ ಇವತ್ತೇ ಬಣ್ಣ ಬಳಿಯಿರಿ. ಗೊತ್ತಿಲ್ಲದಿದ್ದರೆ ಯಾರ ಕೈಗೂ ಸಿಗದ ಹಾಗೆ ಬೇರೆ ಇಡಿ. ಬಣ್ಣದ ತುದಿಯನ್ನು ಕೊನೆಗೆ ಕೊಯ್ಯಿರಿ. ಏನನ್ನು ಒಯ್ದರೂ ಎಲ್ಲಿಗೆ, ಯಾತಕ್ಕೆ ಎಂದು ಎರಡು ಸಾಲು ಬರೆದಿಡಿ. ನೀವು ರಜೆಯಲ್ಲಿರುವ ದಿನ ಅದನ್ನು ಓದುವವರು ಬೇರೆ, ಆ ಭಾರದ ಕೆಳಗೆ ಬಗ್ಗಿ ನಿಂತಿರುವವನು ಯಾರದೋ ಮನೆಯ ಶರಣು.