ಗೈಡ್ ಕಿವಿಗೊಟ್ಟ ಎಂಟು ನಿಮಿಷ

೧

ಈ ಕತೆಯನ್ನು ಎಲ್ಲಿಂದ ಶುರು ಮಾಡುವುದು? ಪದ್ಧತಿಯ ಪ್ರಕಾರ ದೀಪ ಬೆಳಗಿಸುವುದರಿಂದ. ಇದು ಒಂದು ಕಾರ್ಯಾಗಾರದ ಕತೆ. ನಮ್ಮಲ್ಲಿ ದೀಪ ಹಚ್ಚದೆ ಯಾವ ಕಾರ್ಯಾಗಾರವೂ ಆರಂಭವಾಗುವುದಿಲ್ಲ. ಫ್ಯಾನ್ ಗಾಳಿಗೆ ದೀಪ ಆರಿತು, ಫ್ಯಾನ್ ನಿಲ್ಲಿಸಿದರು, ಗಣ್ಯರು ಬೆವರಿದರು. ಹೀಗೆ ಎರಡು ಪುಟ ಬರೆದು ಹರಿದು ಹಾಕಿದೆ. ಸ್ವಾಗತ ಭಾಷಣಕ್ಕೆ ಕೂತು ಆಕಳಿಸಿದ ಅನುಭವ ನಿಮಗೂ ಇದ್ದೇ ಇರುತ್ತದೆ, ನಾನು ಬೇರೆ ಹಿಂಸೆ ಕೊಡುವುದು ಬೇಡ.

೨

೨೦೦೪. ಚಾಮರಾಜಪೇಟೆಯ ಒಂದು ಕಾಲೇಜಿನ ಸೆಮಿನಾರ್ ಹಾಲ್. (ಯಾವ ಕಾಲೇಜು ಎಂದು ಹುಡುಕಲು ಹೋಗಬೇಡಿ. ನಾನೇ ಕಟ್ಟಿಸಿದ್ದು, ಸಿಮೆಂಟು ಇನ್ನೂ ಹಸಿ.) ಬ್ಯಾನರ್ ಮೇಲೆ ಹೀಗಿದೆ: 'ಸಂಶೋಧನಾ ಮಾರ್ಗದರ್ಶನ ಮತ್ತು ವಿದ್ಯಾರ್ಥಿ ಯಶಸ್ಸು: ಅಧ್ಯಾಪಕರಿಗೆ ಮೂರು ದಿನಗಳ ತರಬೇತಿ.' ಪಿಎಚ್.ಡಿ. ಗೈಡ್‌ಗಳಿಗೆ, ಗೈಡ್ ಮಾಡುವುದು ಹೇಗೆ ಎಂದು ಹೇಳಿಕೊಡುವ ಏರ್ಪಾಡು. ಇಪ್ಪತ್ತು ವರ್ಷ ಮಾಡಿದ ಮೇಲೆ ಹೇಳಿಕೊಡುತ್ತಾರೆ, ಅವಸರವೇನಿದೆ.

ಮೊದಲ ಸಾಲಿನಲ್ಲಿ ಎಚ್ಚರವಾಗಿದ್ದ ಏಕೈಕ ವ್ಯಕ್ತಿ ಚಕ್ರಪಾಣಿ. ಮಲ್ಲೇಶ್ವರದವರು, ಇದೇ ಕಾಲೇಜಿನ ಇತಿಹಾಸ ವಿಭಾಗದ ರೀಡರ್. ಪ್ರೊಫೆಸರ್ ಆಗಲು ಇಂಥದ್ದೊಂದು ತರಬೇತಿಯ ಸರ್ಟಿಫಿಕೇಟ್ ಬಾಕಿ ಇತ್ತು, ಹಾಗಾಗಿ ಬಂದರು.

"ನನ್ನನ್ನ ಖಳನಾಯಕ ಮಾಡೋಕೆ ಹೊರಟಿದ್ದೀರಾ?" ಎಂದು ಅವರು ಕತೆಯೊಳಗಿಂದ ತಲೆಯೆತ್ತಿ ಕೇಳಿದರು.

"ಖಳನಾಯಕ ಆಗೋಕೆ ಏನಾದ್ರೂ ಮಾಡಿರ್ಬೇಕು ಸರ್. ನೀವು ಏನೂ ಮಾಡಿಲ್ಲ."

ಅವರು ಸಮಾಧಾನಗೊಂಡು ತಲೆ ತಗ್ಗಿಸಿದರು. ಹೊಗಳಿಕೆ ಎಂದುಕೊಂಡರೋ ಏನೋ.

೩

ಹಾಲಿನ ಹೊರಗೆ ವಾಣಿ ನಿಂತಿದ್ದಾಳೆ. ನಾಲ್ಕು ವರ್ಷದಿಂದ ಚಕ್ರಪಾಣಿಯವರ ಸಂಶೋಧನಾ ವಿದ್ಯಾರ್ಥಿ. ಬಳೇಪೇಟೆಯ ಬಳೆ ವ್ಯಾಪಾರದ ಇತಿಹಾಸ ಅವಳ ವಿಷಯ. ಮೂರನೇ ಅಧ್ಯಾಯದಲ್ಲಿ ಸಿಕ್ಕಿಬಿದ್ದು ಎರಡು ವರ್ಷವಾಯಿತು. ಬರೆದಷ್ಟನ್ನು ತಂದು ತೋರಿಸಿದಾಗಲೆಲ್ಲ ಗೈಡ್ ಹೇಳುವುದು ಒಂದೇ: "ಇಟ್ಟು ಹೋಗಮ್ಮ, ನೋಡೋಣ." ನೋಡಿಲ್ಲ. ಈ ತಿಂಗಳ ಕೊನೆಗೆ ಅವಳ ನೋಂದಣಿಯ ಅವಧಿ ಮುಗಿಯುತ್ತದೆ. ಅಷ್ಟರೊಳಗೆ ಆ ಅಧ್ಯಾಯ ದಡ ಸೇರದಿದ್ದರೆ ನಾಲ್ಕು ವರ್ಷವೂ ಮಣ್ಣುಪಾಲು.

ಬಾಗಿಲಲ್ಲಿ ಸಂಚಾಲಕ ರಾಘವ ತಡೆದ. "ಸೆಷನ್ ನಡೀತಿದೆ ಮೇಡಂ. ಸ್ಟೂಡೆಂಟ್ಸ್‌ನ ಬಿಡಲ್ಲ."

"ಏನ್ ಸೆಷನ್?"

"ಸ್ಟೂಡೆಂಟ್ಸ್‌ಗೆ ಸದಾ ಬಾಗ್ಲು ತೆಗ್ದಿಡೋದು ಹೇಗೆ ಅಂತ."

(ಇದನ್ನು ನಾನು ತಮಾಷೆಗೆ ಕಟ್ಟಿದೆ ಎಂದು ನೀವು ಹೇಳಬಹುದು. ಅಂಥ ಬಾಗಿಲ ಹೊರಗೆ ನೀವು ನಿಂತಿಲ್ಲ ಎಂದಾಯಿತು. ಪುಣ್ಯವಂತರು.)

೫

ನಾಲ್ಕನೆಯ ಭಾಗದಲ್ಲಿ ಉದ್ಘಾಟಕರ ಭಾಷಣವಿತ್ತು, ಅದನ್ನು ತೆಗೆದುಹಾಕಿದ್ದೇನೆ. ಧನ್ಯವಾದ ಆಮೇಲೆ ಹೇಳಿ.

ಒಳಗೆ ಡಾ. ಕೋಕಿಲಾ ಒಂದು ರೋಲ್‌ಪ್ಲೇ ಮಾಡಿಸಲು ಹೊರಟಿದ್ದಾರೆ. ಅವರು 'ಸಂಪನ್ಮೂಲ ವ್ಯಕ್ತಿ', ಅಂದರೆ ತರಬೇತಿ ಕೊಡಲು ಬಂದವರು. ಒಬ್ಬರು ಗೈಡ್, ಒಬ್ಬರು ವಿದ್ಯಾರ್ಥಿ. ಎಂಟು ನಿಮಿಷ ಗೈಡ್ ಗಮನವಿಟ್ಟು ಕೇಳಬೇಕು. ಗೈಡ್ ಪಾತ್ರಕ್ಕೆ ಚಕ್ರಪಾಣಿ ತಕ್ಷಣ ಎದ್ದರು. ವಿದ್ಯಾರ್ಥಿ ಪಾತ್ರಕ್ಕೆ ಯಾರೂ ಏಳಲಿಲ್ಲ. ಅಷ್ಟು ಕೆಳಗೆ ಇಳಿಯುವುದು, ಅದೂ ಸಹೋದ್ಯೋಗಿಗಳ ಎದುರು, ಸಾಧ್ಯವೇ?

ರಾಘವ ಹೊರಗೆ ಬಂದ. "ಮೇಡಂ, ಹತ್ತು ನಿಮಿಷ ಸ್ಟೂಡೆಂಟ್ ಪಾರ್ಟ್ ಮಾಡ್ತೀರಾ?"

"ನಾನು ಸ್ಟೂಡೆಂಟೇ."

"ಹಾಗಾದ್ರೆ ಇನ್ನೂ ಸುಲಭ, ಬನ್ನಿ."

೬

ವಾಣಿಯನ್ನು ಕಂಡು ಚಕ್ರಪಾಣಿಯವರ ಮುಖ ಒಂದು ಗಳಿಗೆ ಕಪ್ಪಿಟ್ಟಿತು. ಆಮೇಲೆ, ಎಲ್ಲರೂ ನೋಡುತ್ತಿದ್ದಾರೆಂಬುದು ನೆನಪಾಗಿ ಅರಳಿತು. ತಾವೇ ಕುರ್ಚಿ ಎಳೆದುಕೊಟ್ಟರು. "ಬನ್ನಿ ವಾಣಿ, ಕೂತ್ಕೊಳ್ಳಿ. ನೀರು ಬೇಕಾ? ಎಲ್ಲಿ ಕಷ್ಟ ಆಗ್ತಿದೆ, ನಿಧಾನವಾಗಿ ಹೇಳಿ."

ನಾಲ್ಕು ವರ್ಷ 'ಹೋಗಮ್ಮ' ಎನ್ನಿಸಿಕೊಂಡವಳು ಈ 'ಬನ್ನಿ' ಕೇಳಿ ಕುರ್ಚಿಯ ತುದಿಯಲ್ಲಿ ಕೂತಳು. ಇದು ನಾಟಕ ಎಂಬುದನ್ನೇ ಮರೆತು ಹೇಳತೊಡಗಿದಳು. ಬಳೇಪೇಟೆಯ ಮೂರು ಹಳೆಯ ಅಂಗಡಿಗಳ ಮನೆತನದವರು ವ್ಯಾಪಾರ ಯಾಕೆ ಬಿತ್ತು ಎಂಬುದಕ್ಕೆ ಮೂರು ಕಾರಣ ಕೊಡುತ್ತಾರೆ, ಒಂದಕ್ಕೊಂದು ತಾಳೆಯಾಗುವುದಿಲ್ಲ, ಯಾವುದು ನಿಜವೆಂದು ಬರೆಯಲಿ?

ಚಕ್ರಪಾಣಿ ಕೇಳಿದರು. ನಿಜವಾಗಿ ಕೇಳಿದರು! ಮುಂದೆ ಬಾಗಿದರು, ಎರಡು ಪ್ರಶ್ನೆ ಹಾಕಿದರು. ಆಮೇಲೆ ಹೇಳಿದರು: "ನೀವು ಮೂರನ್ನೂ ತಾಳೆ ಹಾಕೋಕೆ ಹೋಗಿ ಸಿಕ್ಹಾಕ್ಕೊಂಡಿದೀರಿ. ಮೂವರೂ ಬೇರೆಬೇರೆ ಹೇಳ್ತಾರೆ ಅಂದ್ರೆ, ಮೂವರೂ ಸೇರಿ ಯಾವುದೋ ಒಂದನ್ನ ಹೇಳ್ತಾ ಇಲ್ಲ ಅಂತ. ಅದೇನು ಅಂತ ತಿಳೀಬೇಕಾದ್ರೆ, ನೀವು ಮೊದಲು..."

ಟಣ್. ಕೋಕಿಲಾ ಗಂಟೆ ಬಾರಿಸಿದರು. ಟೈಮ್ ಮುಗಿದಿತ್ತು. ಚಕ್ರಪಾಣಿ ಬಾಯಿ ಮುಚ್ಚಿ ಸಭೆಗೆ ಕೈಮುಗಿದರು. ನಿದ್ದೆಯಲ್ಲಿದ್ದವರೂ ಎದ್ದು ಚಪ್ಪಾಳೆ ತಟ್ಟಿದರು. "ಎಷ್ಟು ನ್ಯಾಚುರಲ್ ಆಗಿ ಮಾಡಿದ್ರು ನೋಡಿ ಇಬ್ಬರೂ!" ಎಂದರು ಕೋಕಿಲಾ.

೭

ಕಾಫಿ ವಿರಾಮದಲ್ಲಿ ವಾಣಿ ಓಡಿಬಂದಳು. "ಸರ್, 'ನೀವು ಮೊದಲು' ಅಂತ ಏನೋ ಹೇಳ್ತಿದ್ರಿ..."

"ಯಾವುದಮ್ಮ?"

"ಈಗ ತಾನೆ ಸರ್, ಒಳಗೆ."

"ಓ, ಅದಾ! ಅದು ಆಕ್ಟಿಂಗ್ ಅಲ್ವೇನಮ್ಮ. ಚಾಪ್ಟರ್ ನನ್ ಟೇಬಲ್ ಮೇಲೆ ಇಟ್ಟು ಹೋಗು, ನೋಡೋಣ." ಕೇಸರಿಬಾತಿನ ತಟ್ಟೆ ಹಿಡಿದು ಹೊರಟೇಹೋದರು.

ಓದುಗರೇ, ಇಲ್ಲಿ ನನಗೆ ಮೈಯೆಲ್ಲ ಉರಿಯಿತು. ಈ ಮನುಷ್ಯ ದಡ್ಡನಾಗಿದ್ದರೆ ನಕ್ಕು ಬಿಡುತ್ತಿದ್ದೆ. ದಡ್ಡನಲ್ಲ. ಎಂಟು ನಿಮಿಷದಲ್ಲಿ ಬಿಡಿಸಬಹುದಾದ ಗಂಟನ್ನು ಎರಡು ವರ್ಷ ಮುಟ್ಟಲೇ ಇಲ್ಲ, ಯಾಕೆಂದರೆ ಯಾರೂ ನೋಡುತ್ತಿರಲಿಲ್ಲ.

೮ (ಅಂತ್ಯಗಳು, ಬೇಕಾದ್ದು ಆರಿಸಿಕೊಳ್ಳಿ)

ಅ. ವಾಣಿ ವೇದಿಕೆ ಹತ್ತಿ, ಮೈಕ್ ಕಿತ್ತುಕೊಂಡು ಎಲ್ಲರ ಬಂಡವಾಳ ಬಯಲು ಮಾಡುತ್ತಾಳೆ.

"ಆಮೇಲೆ ನನ್ ಥೀಸಿಸ್ ಯಾರು ಓದ್ತಾರೆ, ನೀವಾ?" ಎಂದು ವಾಣಿ ನನ್ನನ್ನೇ ಗದರಿದಳು.

ಆ. ವಾಣಿ ಬೇರೆ ಗೈಡ್ ಹುಡುಕುತ್ತಾಳೆ. (ಬೇರೆ ಗೈಡ್‌ಗಳೆಲ್ಲ ಅದೇ ಹಾಲಿನಲ್ಲಿ, ಹಿಂದಿನ ಸಾಲಿನಲ್ಲಿ ಮಲಗಿದ್ದಾರೆ.)

ಇ. ಚಕ್ರಪಾಣಿಯವರಿಗೆ ಪಶ್ಚಾತ್ತಾಪವಾಗುತ್ತದೆ. ಇದನ್ನು ಓದಿ ಚಕ್ರಪಾಣಿಯವರೇ ನಕ್ಕರು.

"ಲೇಖಕರೇ, ನನಗೆ ಅಂತ್ಯ ಬೇಡ," ಎಂದಳು ವಾಣಿ. "ಆ ವಾಕ್ಯದ ಉಳಿದರ್ಧ ಬೇಕು. ಕೊಡಿ."

ನನಗೆ ಗೊತ್ತಿಲ್ಲ. ವಿದ್ವತ್ತನ್ನೆಲ್ಲ ಧಾರಾಳವಾಗಿ ಚಕ್ರಪಾಣಿಯವರಿಗೇ ಕೊಟ್ಟುಬಿಟ್ಟೆ, ನನಗೆಂದು ಇಟ್ಟುಕೊಳ್ಳಲಿಲ್ಲ. ಬೇರೆ ದಾರಿ ಕಾಣದೆ ವಾಣಿಯನ್ನು ಕರೆದುಕೊಂಡು ಅವರ ಕೋಣೆಗೆ ಹೋದೆ. ಪೇಪರ್ ಓದುತ್ತಿದ್ದರು.

"ಈಗ ಟೈಮಿಲ್ಲ ರೀ."

"ಸರ್, ಜನ ನೋಡ್ತಿದಾರೆ," ಎಂದೆ ನಾನು.

"ಯಾರು?"

"ಓದುಗರು."

ಪೇಪರ್ ತಟ್ಟನೆ ಕೆಳಗಿಳಿಯಿತು. ಚಕ್ರಪಾಣಿ ಕೂದಲು ನೇವರಿಸಿಕೊಂಡು ನಿಮ್ಮ ಕಡೆ ಒಂದು ನಗೆ ಬೀರಿದರು. ಕುರ್ಚಿ ಎಳೆದುಕೊಟ್ಟರು. "ಬನ್ನಿ ವಾಣಿ, ಕೂತ್ಕೊಳ್ಳಿ. ಎಲ್ಲಿದ್ವಿ? ಹಾಂ, ಆ ಮೂವರ ವಿಚಾರ. ನೀವು ಮೊದಲು..."

ವಾಣಿ ಪೆನ್ನಿನ ಮುಚ್ಚಳ ತೆಗೆದಳು. ಅವರು ಪ್ರತಿ ಮಾತಿಗೂ ಒಮ್ಮೆ ತಲೆಯೆತ್ತಿ, ನೀವು ಇನ್ನೂ ಇದ್ದೀರಾ ಎಂದು ನೋಡುತ್ತಿದ್ದಾರೆ. ಹಾಗಾಗಿ ಈ ಕತೆಯನ್ನು ನಾನು ಮುಗಿಸುವಂತಿಲ್ಲ. ಮುಗಿಸಿದರೆ ನೀವು ಎದ್ದು ಹೋಗುತ್ತೀರಿ, ನೀವು ಹೋದರೆ ಅವರು ಪೇಪರ್ ಎತ್ತಿಕೊಳ್ಳುತ್ತಾರೆ.

ವಾಣಿ ಬರೆಯುತ್ತಲೇ, ತಲೆಯೆತ್ತದೆ, ಮೆಲ್ಲಗೆ ನಿಮಗೆ ಹೇಳುತ್ತಿದ್ದಾಳೆ: "ದಯವಿಟ್ಟು ಹೋಗ್ಬೇಡಿ. ಬರ್ಕೊಳ್ತಾ ಇದೀನಿ."